ಛಾಯಾಗ್ರಹಣಕ್ಕೆ ಒಬ್ಬನೇ ಜನಕನಿಲ್ಲ

ಪ್ರತಿವರ್ಷ ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನವನ್ನು ಆಚರಿಸುವುದು ರೂಢಿಯಾಗಿದೆ. 1839ರ ಆ ದಿನ ಪ್ಯಾರಿಸ್ಸಿನಲ್ಲಿ ವಿಜ್ಞಾನ ಅಕಾಡೆಮಿ ಹಾಗೂ ಲಲಿತಕಲಾ ಅಕಾಡೆಮಿಗಳ ಜಂಟಿ ಸಭೆ ನಡೆಯಿತು. ಖಗೋಳವಿಜ್ಞಾನಿಯೂ ಫ್ರಾನ್ಸಿನ ಶಾಸನಸಭೆಯ ಸದಸ್ಯನೂ ಆಗಿದ್ದ ಫ್ರಾಂಸ್ವಾ ಅರಾಗೊ ಅಲ್ಲಿ ಲೂಯಿ ಡಗೇರ್ ಎಂಬ ಚಿತ್ರಕಾರನ ವಿಧಾನದ ಗುಟ್ಟನ್ನು ಬಹಿರಂಗಪಡಿಸಿದನು. ಛಾಯಾಗ್ರಹಣ ಹುಟ್ಟಿದ್ದೇ ಅಂದು ಎಂಬ ಭಾವನೆ ಬಲವಾಗಿ ಬೇರೂರಿದೆಯಾದರೂ, ಅದು ಘೋಷಣೆಯ ದಿನವೇ ಹೊರತು ಆವಿಷ್ಕಾರದ ದಿನವಲ್ಲ. ಆ ಹೊತ್ತಿಗಾಗಲೇ ಫ್ರಾನ್ಸಿನ ಒಂದು ಹಳ್ಳಿಮನೆಯಲ್ಲಿ, ಇಂಗ್ಲೆಂಡಿನ ಒಂದು ಹಳೆಯ ಮಠದ ಕಟ್ಟಡದಲ್ಲಿ, ಪ್ಯಾರಿಸ್ಸಿನ ಹಣಕಾಸು ಇಲಾಖೆಯ ನೌಕರನೊಬ್ಬನ ಕೈಯಲ್ಲಿ ಮತ್ತು ಬ್ರೆಜಿಲ್ ದೇಶದ ಒಳನಾಡಿನ ಒಂದು ಊರಿನಲ್ಲಿ ಬೆಳಕು ತಾನೇ ಬರೆದ ಚಿತ್ರಗಳು ಮೂಡಿದ್ದವು.

ಇವರಲ್ಲಿ ಮೊದಲಿಗ ಯಾರು ಎಂಬ ವಾದ ಸುಮಾರು ಎರಡು ಶತಮಾನಗಳಿಂದ ನಡೆದುಬಂದಿದೆ. ಛಾಯಾಗ್ರಹಣ ಒಂದೇ ಕ್ರಿಯೆಯಲ್ಲ, ನಾಲ್ಕು ಬೇರೆ ಬೇರೆ ಕ್ರಿಯೆಗಳ ಕೂಟ ಎಂಬುದನ್ನು ಗಮನಿಸದಿದ್ದರೆ ಆ ವಾದ ಬಗೆಹರಿಯುವುದಿಲ್ಲ. ಹೊರಗಿನ ದೃಶ್ಯದ ಬಿಂಬವನ್ನು ಒಂದು ಮೇಲ್ಮೈಯ ಮೇಲೆ ಬೀಳಿಸುವುದು ಮೊದಲನೆಯದು. ಆ ಮೇಲ್ಮೈ ಬೆಳಕು ಬಿದ್ದಷ್ಟಕ್ಕೆ ತಕ್ಕಂತೆ ಬದಲಾಗುವ ಹಾಗೆ ಅದನ್ನು ಸಿದ್ಧಪಡಿಸುವುದು ಎರಡನೆಯದು. ಮೂಡಿದ ಚಿತ್ರವನ್ನು ಬೆಳಕಿನಲ್ಲಿಟ್ಟರೂ ಕೆಡದಂತೆ ಉಳಿಸುವುದು, ಅಂದರೆ ಸ್ಥಿರೀಕರಣ, ಮೂರನೆಯದು. ಒಂದು ಚಿತ್ರದಿಂದ ಹಲವು ಪ್ರತಿಗಳನ್ನು ತೆಗೆಯುವುದು ನಾಲ್ಕನೆಯದು. ಈ ನಾಲ್ಕರಲ್ಲೂ ಒಬ್ಬನೇ ಮೊದಲಿಗನಾಗಿರಲಿಲ್ಲ. ಯಾವ ಕ್ರಿಯೆಯನ್ನು ಮುಖ್ಯವೆಂದು ಹಿಡಿಯುತ್ತೇವೆಯೋ ಅದಕ್ಕೆ ತಕ್ಕಂತೆ ಜನಕನ ಹೆಸರು ಬದಲಾಗುತ್ತದೆ.

ಮೊದಲನೆಯ ಕ್ರಿಯೆ ಬಹಳ ಹಳೆಯದು. ಕತ್ತಲೆ ಕೋಣೆಯ ಗೋಡೆಯಲ್ಲಿ ಸಣ್ಣ ರಂಧ್ರವಿದ್ದರೆ ಹೊರಗಿನ ದೃಶ್ಯ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ ಎಂಬುದು ಪ್ರಾಚೀನರಿಗೆ ಗೊತ್ತಿತ್ತು. 11ನೆಯ ಶತಮಾನದ ಅರಬ್ ವಿದ್ವಾಂಸ ಇಬ್ನ್ ಅಲ್ ಹೈಥಮ್ ಇಂತಹ ರಂಧ್ರದ ಮೂಲಕ ಬೆಳಕು ಸಾಗುವ ಬಗೆಯನ್ನು ಪರೀಕ್ಷಿಸಿ ವಿವರಿಸಿದ್ದನು. 16ನೆಯ ಶತಮಾನದ ಯುರೋಪಿನಲ್ಲಿ ರಂಧ್ರದ ಜಾಗಕ್ಕೆ ಮಸೂರ ಬಂದಿತು. ಮುಂದೆ ಕೋಣೆಯ ಬದಲಿಗೆ ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಯೂ ರೂಪುಗೊಂಡಿತು. ಕ್ಯಾಮೆರಾ ಅಬ್‌ಸ್ಕ್ಯೂರಾ ಎಂದು ಕರೆಯಲಾದ ಈ ಪೆಟ್ಟಿಗೆಯೊಳಗೆ ಬಿದ್ದ ಬಿಂಬದ ಗೆರೆಗಳ ಮೇಲೆ ಪೆನ್ಸಿಲ್ ಆಡಿಸಿ ಚಿತ್ರಕಾರರು ಭೂದೃಶ್ಯಗಳನ್ನು ಬಿಡಿಸುತ್ತಿದ್ದರು. ಹೀಗೆ ಫೋಟೋ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಕ್ಯಾಮೆರಾ ಸಿದ್ಧವಾಗಿತ್ತು. ಚಿತ್ರಕಾರನ ಕೈಗೆ ಬದಲಾಗಿ ಕೆಲಸ ಮಾಡಬಲ್ಲ ರಾಸಾಯನಿಕವೊಂದು ಸಿಗಬೇಕಾಗಿತ್ತು.

ಆ ರಾಸಾಯನಿಕದ ಸುಳಿವು 18ನೆಯ ಶತಮಾನದಲ್ಲಿ ಸಿಕ್ಕಿತು. ಜರ್ಮನಿಯ ಯೋಹಾನ್ ಹೈನ್ರಿಕ್ ಶುಲ್ಜ್ 1717ರ ಸುಮಾರಿಗೆ, ಬೆಳ್ಳಿ ಕರಗಿದ್ದ ನೈಟ್ರಿಕ್ ಆಮ್ಲವನ್ನು ಸೀಮೆಸುಣ್ಣದೊಂದಿಗೆ ಬೆರೆಸಿದ್ದಾಗ, ಆ ಮಿಶ್ರಣದಲ್ಲಿ ಕಿಟಕಿಯ ಕಡೆಗಿದ್ದ ಭಾಗ ಮಾತ್ರ ಕಪ್ಪಾಗಿರುವುದನ್ನು ಕಂಡನು. ಇದಕ್ಕೆ ಬಿಸಿಲಿನ ಶಾಖ ಕಾರಣವೋ ಬೆಳಕು ಕಾರಣವೋ ಎಂದು ತಿಳಿಯಲು ಅವನು ಅದೇ ಮಿಶ್ರಣವನ್ನು ಬೆಂಕಿಯ ಶಾಖದಲ್ಲಿಟ್ಟು ನೋಡಿದನು, ಅದು ಕಪ್ಪಾಗಲಿಲ್ಲ. ಬಳಿಕ ಕತ್ತರಿಸಿದ ಕಾಗದದ ಅಕ್ಷರಗಳನ್ನು ಸೀಸೆಗೆ ಅಂಟಿಸಿ ಬಿಸಿಲಿಗಿಟ್ಟಾಗ, ಒಳಗಿನ ಮಿಶ್ರಣದ ಮೇಲೆ ಆ ಅಕ್ಷರಗಳು ಅಚ್ಚಾದವು. ಸೀಸೆಯನ್ನು ಅಲುಗಿಸಿದೊಡನೆ ಅಳಿಸಿಹೋದವು. ಬೆಳ್ಳಿಯ ಲವಣಗಳನ್ನು ಕಪ್ಪಾಗಿಸುವುದು ಶಾಖವಲ್ಲ, ಬೆಳಕು ಎಂಬ ತಿಳಿವಳಿಕೆ ಈ ಸರಳ ಪ್ರಯೋಗದಿಂದ ಗಟ್ಟಿಯಾಯಿತು.

ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್‌ಹೆಲ್ಮ್ ಷೀಲೆ 1777ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟನು. ಸಿಲ್ವರ್ ಕ್ಲೋರೈಡ್ ಬೆಳಕಿಗೆ ಕಪ್ಪಾಗುವಾಗ ಅಲ್ಲಿ ಉಳಿಯುವುದು ಲೋಹರೂಪದ ಬೆಳ್ಳಿಯೆಂದೂ, ಬೆಳಕು ತಾಗದ ಕ್ಲೋರೈಡ್ ಅಮೋನಿಯಾದಲ್ಲಿ ಕರಗಿದರೂ ಕಪ್ಪಾದ ಬೆಳ್ಳಿ ಕರಗುವುದಿಲ್ಲವೆಂದೂ ಅವನು ತೋರಿಸಿದನು. ಚಿತ್ರವನ್ನು ಉಳಿಸುವ ದಾರಿ ಇಲ್ಲಿಯೇ ಇತ್ತು. ಆದರೆ 1802ರಲ್ಲಿ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಮತ್ತು ಹಂಫ್ರಿ ಡೇವಿ, ಸಿಲ್ವರ್ ನೈಟ್ರೇಟ್ ಲೇಪಿಸಿದ ಕಾಗದ ಹಾಗೂ ಬಿಳಿಯ ಚರ್ಮದ ಮೇಲೆ ಎಲೆಗಳ, ಗಾಜಿನ ಮೇಲಿನ ಚಿತ್ರಗಳ ನೆರಳುಗಳನ್ನು ಮೂಡಿಸಿದ ವಿಧಾನವನ್ನು ಪ್ರಕಟಿಸಿದಾಗ, ಅವುಗಳನ್ನು ಉಳಿಸುವ ಬಗೆ ತಮಗೆ ದೊರೆಯಲಿಲ್ಲವೆಂದು ಹೇಳಬೇಕಾಯಿತು. ಅವರ ಚಿತ್ರಗಳನ್ನು ಮೋಂಬತ್ತಿಯ ಮಂದ ಬೆಳಕಿನಲ್ಲಷ್ಟೇ ನೋಡಲು ಸಾಧ್ಯವಿತ್ತು. ಹಗಲಿಗೆ ತಂದರೆ ಇಡೀ ಹಾಳೆ ಕಪ್ಪಾಗುತ್ತಿತ್ತು. ಕಾಲು ಶತಮಾನದ ಹಿಂದೆಯೇ ಷೀಲೆ ಬರೆದಿಟ್ಟಿದ್ದ ಅಮೋನಿಯಾದ ಗುಣವನ್ನು ಇವರು ಬಳಸಿಕೊಂಡಿದ್ದರೆ, ಛಾಯಾಗ್ರಹಣದ ಚರಿತ್ರೆ 1802ರಿಂದಲೇ ಆರಂಭವಾಗುತ್ತಿತ್ತೆಂದು ಭಾವಿಸಲು ಅವಕಾಶವಿದೆ.

ಉಳಿಸುವ ಸಮಸ್ಯೆಯನ್ನು ಬೆಳ್ಳಿಯನ್ನೇ ಬದಿಗಿಟ್ಟು ಬಿಡಿಸಿದವನು ಫ್ರಾನ್ಸಿನ ಜೋಸೆಫ್ ನಿಸೆಫೋರ್ ನಿಯೆಪ್ಸ್. 1765ರಲ್ಲಿ ಶಾಲೋನ್ ಪಟ್ಟಣದಲ್ಲಿ ಜನಿಸಿದ ಈತ, ಅಣ್ಣ ಕ್ಲೋಡ್‌ನೊಂದಿಗೆ ಸೇರಿ 1807ರಲ್ಲಿ ಒಂದು ಬಗೆಯ ಅಂತರ್ದಹನ ಎಂಜಿನ್ನಿಗೆ ಪೇಟೆಂಟ್ ಪಡೆದಿದ್ದ ಪ್ರಯೋಗಶೀಲ. 1816ರಲ್ಲಿ ಅವನು ಸಿಲ್ವರ್ ಕ್ಲೋರೈಡ್ ಲೇಪಿಸಿದ ಕಾಗದದ ಮೇಲೆ ಕ್ಯಾಮೆರಾದ ಬಿಂಬವನ್ನು ಹಿಡಿದನಾದರೂ, ಬೆಳಕಿನ ಭಾಗ ಕಪ್ಪಾಗಿ ನೆರಳಿನ ಭಾಗ ಬೆಳ್ಳಗೆ ಉಳಿಯುತ್ತಿದ್ದುದರಿಂದಲೂ, ಚಿತ್ರ ನಿಲ್ಲದಿದ್ದುದರಿಂದಲೂ ಆ ದಾರಿಯನ್ನು ಬಿಟ್ಟನು. ಬಳಿಕ ಅವನು ಕೈಗೆತ್ತಿಕೊಂಡದ್ದು, ಲೋಹದ ಮೇಲೆ ಚಿತ್ರ ಕೊರೆಯುವವರು ಬಳಸುತ್ತಿದ್ದ ಡಾಂಬರಿನ ಜಾತಿಯ ಬಿಟುಮೆನ್ ಎಂಬ ವಸ್ತುವನ್ನು. ಬೆಳಕು ಬಿದ್ದಲ್ಲಿ ಬಿಟುಮೆನ್ ಗಟ್ಟಿಯಾಗಿ, ಕರಗುವ ಗುಣವನ್ನು ಕಳೆದುಕೊಳ್ಳುತ್ತದೆ. ಬೆಳಕು ಬೀಳದ ಭಾಗವನ್ನು ಲ್ಯಾವೆಂಡರ್ ಎಣ್ಣೆ ಬೆರೆತ ದ್ರಾವಣದಿಂದ ತೊಳೆದು ತೆಗೆಯಬಹುದು. ಹೀಗೆ ಒಂದೇ ವಸ್ತುವಿನಿಂದ ಚಿತ್ರ ಮೂಡುವುದೂ ಉಳಿಯುವುದೂ ಸಾಧ್ಯವಾಯಿತು.

ಈ ವಿಧಾನದಿಂದ 1826–27ರಲ್ಲಿ, ಸೇಂಟ್ ಲೂ ದ ವರೆನ್ ಗ್ರಾಮದ ತನ್ನ ಮನೆಯ ಮೇಲಂತಸ್ತಿನ ಕಿಟಕಿಯಿಂದ ಅವನು ಹಿಡಿದ ದೃಶ್ಯವೇ, ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದುಬಂದಿರುವ ಛಾಯಾಚಿತ್ರಗಳಲ್ಲಿ ಅತ್ಯಂತ ಹಳೆಯದು. ತವರವೇ ಹೆಚ್ಚಾಗಿರುವ ಪ್ಯೂಟರ್ ಎಂಬ ಮಿಶ್ರಲೋಹದ ಆ ಫಲಕ ಸುಮಾರು 20 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರವಿದೆ. ನೇರವಾಗಿ ನೋಡಿದರೆ ಅದು ಮಾಸಿದ ಕನ್ನಡಿಯಂತೆ ತೋರುತ್ತದೆ. ಬೆಳಕು ಓರೆಯಾಗಿ ಬೀಳುವಂತೆ ಹಿಡಿದಾಗ ಮಾತ್ರ ಎಡಬದಿಯ ಎತ್ತರದ ಕಟ್ಟಡ, ಮಧ್ಯದ ಕೊಟ್ಟಿಗೆಯ ಇಳಿಜಾರು ಮಾಡು, ಒಂದು ಮರ ಮತ್ತು ಬಲಬದಿಯಲ್ಲಿ ಮನೆಯ ಇನ್ನೊಂದು ಭಾಗ ಕಾಣಿಸಿಕೊಳ್ಳುತ್ತವೆ. ಎರಡೂ ಬದಿಯ ಗೋಡೆಗಳ ಮೇಲೆ ಬಿಸಿಲು ಬಿದ್ದಿರುವುದನ್ನು ನೋಡಿ, ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗುವವರೆಗೂ ಫಲಕ ತೆರೆದೇ ಇದ್ದಿರಬೇಕೆಂದು, ಅಂದರೆ ಸುಮಾರು 8 ಗಂಟೆ ಬೇಕಾಗಿರಬೇಕೆಂದು ಹಿಂದೆ ಅಂದಾಜಿಸಲಾಗಿತ್ತು. ಅದೇ ವಿಧಾನವನ್ನು ಮತ್ತೆ ಮಾಡಿ ನೋಡಿದ ಸಂಶೋಧಕರು ಹಲವು ದಿನಗಳೇ ಬೇಕಾಗಿರಬಹುದೆಂದು ಹೇಳಿದ್ದಾರೆ.

1827ರಲ್ಲಿ ನಿಯೆಪ್ಸ್ ಅಸ್ವಸ್ಥನಾಗಿದ್ದ ಅಣ್ಣನನ್ನು ನೋಡಲು ಲಂಡನ್ ಬಳಿಯ ಕ್ಯೂಗೆ ಹೋದಾಗ, ಸಸ್ಯಗಳ ಚಿತ್ರಕಾರ ಫ್ರಾನ್ಸಿಸ್ ಬಾಯರ್ ಅವನ ಕೆಲಸದ ಮಹತ್ವವನ್ನು ಅರಿತು, ಅದನ್ನು ರಾಯಲ್ ಸೊಸೈಟಿಯ ಮುಂದಿಡಲು ಪ್ರೋತ್ಸಾಹಿಸಿದನು. ಆದರೆ ವಿಧಾನದ ಗುಟ್ಟನ್ನು ಬಿಟ್ಟುಕೊಡಲು ನಿಯೆಪ್ಸ್ ಒಪ್ಪಲಿಲ್ಲ. ಗುಟ್ಟು ಹೇಳದ ಪ್ರಬಂಧವನ್ನು ಸ್ವೀಕರಿಸಲು ಸೊಸೈಟಿ ಒಪ್ಪಲಿಲ್ಲ. ನಿಯೆಪ್ಸ್ ತನ್ನ ಫಲಕಗಳನ್ನೂ ಟಿಪ್ಪಣಿಯನ್ನೂ ಬಾಯರನಿಗೆ ಕೊಟ್ಟು ಊರಿಗೆ ಮರಳಿದನು. ಮೊದಲಿಗನೆಂಬ ಮನ್ನಣೆ ಕೈತಪ್ಪಿದ್ದು ಮುಖ್ಯವಾಗಿ ಇಲ್ಲಿ: ಅವನ ಬಳಿ ಚಿತ್ರವಿತ್ತು, ಅದರ ಬಗ್ಗೆ ಪ್ರಕಟಿತ ದಾಖಲೆ ಇರಲಿಲ್ಲ.

ಇದೇ ಹೊತ್ತಿಗೆ ಡಗೇರ್ ನಿಯೆಪ್ಸ್‌ನ ಸಂಪರ್ಕಕ್ಕೆ ಬಂದಿದ್ದನು. ದೊಡ್ಡ ಪರದೆಗಳ ಮೇಲೆ ಬರೆದ ಭೂದೃಶ್ಯಗಳನ್ನು ಬದಲಾಗುವ ಬೆಳಕಿನಲ್ಲಿ ತೋರಿಸುವ ಡಯೋರಾಮಾ ಎಂಬ ರಂಗಶಾಲೆಯನ್ನು 1822ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆದು ಹೆಸರು ಮಾಡಿದ್ದ ಅವನಿಗೆ, ಕ್ಯಾಮೆರಾದ ಬಿಂಬವನ್ನು ಹಿಡಿದಿಡುವ ಆಸೆ ವೃತ್ತಿಯಿಂದಲೇ ಹುಟ್ಟಿತ್ತು. 1829ರ ಡಿಸೆಂಬರ್‌ನಲ್ಲಿ ಇಬ್ಬರೂ ಪಾಲುದಾರಿಕೆಯ ಕರಾರಿಗೆ ಸಹಿ ಹಾಕಿದರು. 1833ರಲ್ಲಿ ನಿಯೆಪ್ಸ್ ತೀರಿಕೊಂಡ ಮೇಲೆ ಡಗೇರ್ ತನ್ನದೇ ದಾರಿ ಹಿಡಿದು, ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಅಯೊಡಿನ್ ಆವಿಗೆ ಒಡ್ಡಿ ಸಿಲ್ವರ್ ಅಯೊಡೈಡ್ ಪದರವನ್ನು ಉಂಟುಮಾಡಿ, ಅದನ್ನು ಕ್ಯಾಮೆರಾದಲ್ಲಿಟ್ಟು, ಆನಂತರ ಬಿಸಿಮಾಡಿದ ಪಾದರಸದ ಆವಿಗೆ ಹಿಡಿಯುವ ವಿಧಾನವನ್ನು ರೂಪಿಸಿದನು. ಅವನ ನಿಜವಾದ ಆವಿಷ್ಕಾರ ಈ ಕೊನೆಯ ಹಂತದಲ್ಲಿದೆ. ಕಣ್ಣಿಗೆ ಏನೂ ಕಾಣದಷ್ಟು ಅಲ್ಪ ಬೆಳಕು ತಗಡಿನ ಮೇಲೆ ಒಂದು ಗುಪ್ತಬಿಂಬವನ್ನು ಉಳಿಸಿರುತ್ತದೆ. ಪಾದರಸದ ಆವಿ ಬೆಳಕು ತಾಗಿದ ಕಡೆ ಅಂಟಿಕೊಂಡು ಆ ಬಿಂಬವನ್ನು ಗೋಚರವಾಗಿಸುತ್ತದೆ. ಇದರಿಂದಾಗಿ ಗಂಟೆಗಳ ಕಾಯುವಿಕೆ ನಿಮಿಷಗಳಿಗೆ ಇಳಿಯಿತು. 1837ರಲ್ಲಿ ಅವನು ಉಪ್ಪುನೀರಿನಿಂದ ತೊಳೆದು ಚಿತ್ರವನ್ನು ನಿಲ್ಲಿಸುವುದನ್ನೂ ಕಂಡುಕೊಂಡನು.

ಆ ವರ್ಷವೇ ನಿಯೆಪ್ಸ್‌ನ ಮಗ ಇಸಿಡೋರ್, ಹೊಸ ವಿಧಾನಕ್ಕೆ ಡಗೇರ್‌ನ ಹೆಸರೊಂದೇ ಇರಲಿ ಎಂಬ ಹೊಸ ಕರಾರಿಗೆ ಒಪ್ಪಿದನು. ಅರಾಗೊ 1839ರ ಜನವರಿ 7ರಂದು ಅಕಾಡೆಮಿಯಲ್ಲಿ ಆವಿಷ್ಕಾರದ ಸುದ್ದಿಯನ್ನು ಸಾರಿದಾಗ ಜಗತ್ತಿಗೆ ಕೇಳಿಸಿದ ಹೆಸರು ಮುಖ್ಯವಾಗಿ ಡಗೇರ್‌ನದು. ಅವನಿಗೆ ವರ್ಷಕ್ಕೆ 6,000 ಫ್ರಾಂಕ್, ಇಸಿಡೋರ್‌ಗೆ 4,000 ಫ್ರಾಂಕ್ ಜೀವಿತಾವಧಿಯ ವೇತನ ಕೊಟ್ಟು ಸರಕಾರ ವಿಧಾನವನ್ನು ಪಡೆದು, ಅದನ್ನು ಲೋಕಕ್ಕೆ ಫ್ರಾನ್ಸಿನ ಕೊಡುಗೆಯೆಂದು ಘೋಷಿಸಿತು. ಆದರೆ ಈ ಘೋಷಣೆಗೆ ಐದು ದಿನ ಮೊದಲೇ ಡಗೇರ್‌ನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆಯಲಾಗಿತ್ತು. 1841ರಲ್ಲಿ ಇಸಿಡೋರ್, ಈ ಆವಿಷ್ಕಾರಕ್ಕೆ ಡಗೇರ್‌ನ ಹೆಸರಿಟ್ಟದ್ದೇ ತಪ್ಪೆಂದು ವಾದಿಸುವ ಪುಸ್ತಿಕೆಯನ್ನು ಪ್ರಕಟಿಸಿ ತಂದೆಯ ಪಾಲನ್ನು ಕೇಳಿದನು.

ಜನವರಿಯ ಸುದ್ದಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್‌ಗೆ ಆಘಾತವನ್ನೇ ತಂದಿತು. 1833ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಚಿತ್ರ ಬಿಡಿಸಲು ಹೋಗಿ ಸೋತಿದ್ದ ಈ ಗಣಿತಜ್ಞ, ಪ್ರಕೃತಿ ತಾನೇ ತನ್ನ ಚಿತ್ರವನ್ನು ಕಾಗದದ ಮೇಲೆ ಬರೆಯುವಂತೆ ಮಾಡಬಾರದೇಕೆಂದು ಆಲೋಚಿಸಿ, ವಿಲ್ಟ್‌ಶೈರ್‌ನ ಲೇಕಾಕ್ ಅಬೆ ಎಂಬ ತನ್ನ ಮನೆಯಲ್ಲಿ ಮರುವರ್ಷದಿಂದಲೇ ಪ್ರಯೋಗಕ್ಕೆ ತೊಡಗಿದ್ದನು. ಕಾಗದವನ್ನು ಮೊದಲು ಉಪ್ಪುನೀರಿನಲ್ಲೂ ಬಳಿಕ ಸಿಲ್ವರ್ ನೈಟ್ರೇಟ್‌ನಲ್ಲೂ ಅದ್ದಿದರೆ ಅದರ ಎಳೆಗಳಲ್ಲಿ ಸಿಲ್ವರ್ ಕ್ಲೋರೈಡ್ ಉಂಟಾಗುತ್ತದೆ. ಆ ಕಾಗದವನ್ನು ಪುಟ್ಟ ಮರದ ಪೆಟ್ಟಿಗೆಗಳಲ್ಲಿಟ್ಟು ಅವನು ಮನೆಯ ಸುತ್ತ ಇರಿಸುತ್ತಿದ್ದನು. 1835ರ ಆಗಸ್ಟ್‌ನಲ್ಲಿ ತೆಗೆದ, ಅಂಚೆಚೀಟಿಗಿಂತ ತುಸುವೇ ದೊಡ್ಡದಾದ ಅವನ ಜಾಲರಿ ಕಿಟಕಿಯ ಚಿತ್ರ ಇಂದಿಗೂ ಉಳಿದಿದೆ. ಹೊಸದರಲ್ಲಿ ಭೂತಗನ್ನಡಿ ಹಿಡಿದು ಅದರ ಸುಮಾರು 200 ಗಾಜಿನ ಚೂರುಗಳನ್ನು ಎಣಿಸಬಹುದಿತ್ತೆಂದು ಟಾಲ್ಬಟ್ ಅದರ ಪಕ್ಕದಲ್ಲಿ ಬರೆದಿದ್ದಾನೆ. ಅದು ಉಳಿದಿರುವ ನೆಗೆಟಿವ್‌ಗಳಲ್ಲಿ ಅತ್ಯಂತ ಹಳೆಯದು, ಅಂದರೆ ಬೆಳಕಿನ ಭಾಗ ಕಪ್ಪಾಗಿಯೂ ನೆರಳು ಬಿಳುಪಾಗಿಯೂ ಮೂಡಿದ ಚಿತ್ರ.

ನಿಯೆಪ್ಸ್ ದೋಷವೆಂದು ಕೈಬಿಟ್ಟದ್ದನ್ನೇ ಟಾಲ್ಬಟ್ ಶಕ್ತಿಯಾಗಿ ಬಳಸಿದನು. ನೆಗೆಟಿವ್‌ನ ಕೆಳಗೆ ಇನ್ನೊಂದು ಸಿದ್ಧ ಕಾಗದವನ್ನಿಟ್ಟು ಬಿಸಿಲಿಗೆ ಹಿಡಿದರೆ ಕಪ್ಪು ಬಿಳುಪುಗಳು ಮತ್ತೆ ತಿರುಗಿ ಸಹಜವಾದ ಪಾಸಿಟಿವ್ ಚಿತ್ರ ದೊರೆಯುತ್ತದೆ, ಹೀಗೆ ಎಷ್ಟು ಬೇಕಾದರೂ ಪ್ರತಿಗಳನ್ನು ತೆಗೆಯಬಹುದು. ಅರಾಗೊನ ಘೋಷಣೆ ಕಿವಿಗೆ ಬಿದ್ದಾಗ, ಇನ್ನೂ ಪ್ರಕಟಿಸದೆ ಇಟ್ಟಿದ್ದ ಆ ಚಿತ್ರಗಳನ್ನು ಅವನು ಅವಸರದಿಂದ ಹೊರತೆಗೆದು ಜನವರಿ 25ರಂದು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರದರ್ಶಿಸಲು ಕೊಟ್ಟನು. 31ರಂದು ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದನು. ಕಾಗದದ ಮೇಲೂ ಗುಪ್ತಬಿಂಬ ಮೂಡುತ್ತದೆಂದೂ ಗ್ಯಾಲಿಕ್ ಆಮ್ಲದಿಂದ ಅದನ್ನು ಗೋಚರವಾಗಿಸಬಹುದೆಂದೂ 1840ರ ಸೆಪ್ಟೆಂಬರ್‌ನಲ್ಲಿ ಕಂಡುಕೊಂಡು, ಮರುವರ್ಷ ಕ್ಯಾಲೋಟೈಪ್ ಹೆಸರಿನಲ್ಲಿ ಅದಕ್ಕೆ ಪೇಟೆಂಟ್ ಪಡೆದನು.

ಆದರೆ ಡಗೇರ್ ಹಾಗೂ ಟಾಲ್ಬಟ್ ಇಬ್ಬರೂ ಚಿತ್ರಗಳನ್ನು ಉಪ್ಪಿನಿಂದ ನಿಲ್ಲಿಸುತ್ತಿದ್ದುದರಿಂದ ಅವು ಪೂರ್ತಿಯಾಗಿ ಸ್ಥಿರವಾಗಿರಲಿಲ್ಲ. ಈ ಕೊರತೆಯನ್ನು ನೀಗಿಸಿದವನು ಖಗೋಳವಿಜ್ಞಾನಿ ಜಾನ್ ಹರ್ಷೆಲ್. ಇಂದು ಹೈಪೋ ಎಂದು ಕರೆಯುವ ಸೋಡಿಯಂ ಥಯೋಸಲ್ಫೇಟ್ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು 1819ರಲ್ಲಿಯೇ ತಿಳಿದುಕೊಂಡಿದ್ದ ಅವನು, ಡಗೇರ್‌ನ ವಿಧಾನ ಏನೆಂದು ಗೊತ್ತಿಲ್ಲದೆಯೇ, ಸುದ್ದಿ ಕೇಳಿದ ಕೆಲವೇ ದಿನಗಳಲ್ಲಿ ತಾನೂ ಕಾಗದದ ಮೇಲೆ ಚಿತ್ರ ಮೂಡಿಸಿ ಹೈಪೋದಿಂದ ತೊಳೆದು ಸ್ಥಿರಗೊಳಿಸಿದನು. ಆ ಗುಟ್ಟನ್ನು ಅವನು ಬಚ್ಚಿಡಲಿಲ್ಲ, ಪೇಟೆಂಟ್ ಕೇಳಲಿಲ್ಲ. ಟಾಲ್ಬಟ್‌ಗೆ ತಾನೇ ತೋರಿಸಿಕೊಟ್ಟನು, ಡಗೇರ್ ಕೂಡ ಅದನ್ನೇ ಅಳವಡಿಸಿಕೊಂಡನು. ಮುಂದಿನ ಒಂದೂವರೆ ಶತಮಾನದಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಡಾರ್ಕ್‌ರೂಮಿನಲ್ಲೂ ನಡೆದದ್ದು ಹರ್ಷೆಲ್‌ನ ಈ ತೊಳೆಯುವ ಕೆಲಸವೇ ಆಗಿದ್ದರೂ, ಜನಕರ ಪಟ್ಟಿಯಲ್ಲಿ ಅವನ ಹೆಸರು ಸಾಮಾನ್ಯವಾಗಿ ಕೊನೆಗೆ ಬರುತ್ತದೆ.

ಈ ಪಟ್ಟಿಯಲ್ಲಿ ಬಹುಕಾಲ ಜಾಗವೇ ಸಿಗದಿದ್ದವರೂ ಇದ್ದಾರೆ. ಪ್ಯಾರಿಸ್ಸಿನ ಹಣಕಾಸು ಇಲಾಖೆಯ ನೌಕರ ಇಪೊಲಿತ್ ಬಯಾರ್, ಮೊದಲೇ ಬೆಳಕಿಗೆ ಕಪ್ಪಾಗಿಸಿದ ಸಿಲ್ವರ್ ಕ್ಲೋರೈಡ್ ಕಾಗದವನ್ನು ಪೊಟ್ಯಾಸಿಯಂ ಅಯೊಡೈಡ್‌ನಲ್ಲಿ ಅದ್ದಿ ಕ್ಯಾಮೆರಾದಲ್ಲಿಟ್ಟು, ಬೆಳಕು ಬಿದ್ದಲ್ಲಿ ಕಾಗದ ಬಿಳುಪೇರುವಂತೆ ಮಾಡಿ, ನೆಗೆಟಿವ್ ಇಲ್ಲದೆ ನೇರವಾಗಿ ಪಾಸಿಟಿವ್ ಚಿತ್ರಗಳನ್ನು ಪಡೆದನು. 1839ರ ಜೂನ್ 24ರಂದು, ಅಂದರೆ ಡಗೇರ್‌ನ ವಿಧಾನ ಬಹಿರಂಗವಾಗುವುದಕ್ಕೆ ಎಂಟು ವಾರ ಮೊದಲೇ, ಮಾರ್ಟಿನಿಕ್‌ನ ಭೂಕಂಪ ಸಂತ್ರಸ್ತರ ನೆರವಿಗಾಗಿ ಏರ್ಪಟ್ಟಿದ್ದ ಪ್ರದರ್ಶನದಲ್ಲಿ ಅವನು ತನ್ನ ಸುಮಾರು 30 ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟನು. ಡಗೇರ್‌ನ ಬೆನ್ನಿಗೆ ನಿಂತಿದ್ದ ಅರಾಗೊ ಬಯಾರ್‌ಗೆ ತಾಳ್ಮೆಯಿಂದಿರಲು ಹೇಳಿ, ಉಪಕರಣಗಳಿಗೆಂದು 600 ಫ್ರಾಂಕ್ ಕೊಡಿಸಿದನು. 1840ರ ಅಕ್ಟೋಬರ್‌ನಲ್ಲಿ ಬಯಾರ್, ನೀರಿನಲ್ಲಿ ಮುಳುಗಿ ಸತ್ತ ಮನುಷ್ಯನಂತೆ ಕಣ್ಣುಮುಚ್ಚಿ ಒರಗಿ ಕುಳಿತು ತನ್ನದೇ ಚಿತ್ರವನ್ನು ತೆಗೆದು, ಸರಕಾರ ಡಗೇರ್‌ಗೆ ಎಲ್ಲವನ್ನೂ ಕೊಟ್ಟು ತನ್ನನ್ನು ಕಡೆಗಣಿಸಿತೆಂಬ ದೂರನ್ನು ಅದರ ಹಿಂಬದಿಯಲ್ಲಿ ಬರೆದನು. ಛಾಯಾಚಿತ್ರವೊಂದನ್ನು ಪ್ರತಿಭಟನೆಯ ಸಾಧನವಾಗಿ ಬಳಸಿದ, ಹಾಗೆಯೇ ಛಾಯಾಚಿತ್ರ ಸುಳ್ಳು ಹೇಳಬಲ್ಲದೆಂದು ತೋರಿಸಿದ ಆರಂಭದ ಉದಾಹರಣೆ ಇದು.

ಬಯಾರ್ ಕನಿಷ್ಠಪಕ್ಷ ಪ್ಯಾರಿಸ್ಸಿನಲ್ಲಿದ್ದನು. ಅವನ ಸಮಕಾಲೀನ ಹರ್ಕ್ಯೂಲ್ ಫ್ಲಾರೆನ್ಸ್ ಇದ್ದದ್ದು ಬ್ರೆಜಿಲ್‌ನ ಒಳನಾಡಿನಲ್ಲಿ, ಇಂದು ಕಂಪಿನಾಸ್ ಎನಿಸಿಕೊಂಡಿರುವ ಊರಿನಲ್ಲಿ. ಫ್ರಾನ್ಸಿನ ನೀಸ್‌ನಲ್ಲಿ ಹುಟ್ಟಿ, ಲಾಂಗ್ಸ್‌ಡಾರ್ಫ್ ನೇತೃತ್ವದ ಅನ್ವೇಷಣಾ ತಂಡದಲ್ಲಿ ಚಿತ್ರಕಾರನಾಗಿ ಅಮೆಜಾನ್ ಸೀಮೆಯನ್ನು ಸುತ್ತಿದ್ದ ಈತನಿಗೆ, ಪ್ರಾಣಿಗಳ ಧ್ವನಿಯ ಕುರಿತು ತಾನು ಬರೆದ ಅಧ್ಯಯನವನ್ನು ಅಚ್ಚು ಹಾಕಿಸಲು ಹತ್ತಿರದಲ್ಲೊಂದು ಮುದ್ರಣಾಲಯ ಸಿಗಲಿಲ್ಲ. ಮುದ್ರಣಕ್ಕೆ ಬದಲಿ ದಾರಿಯನ್ನು ಹುಡುಕುತ್ತ ಹೊರಟ ಅವನು, ಔಷಧ ವ್ಯಾಪಾರಿಯಾಗಿದ್ದ ಗೆಳೆಯ ಜೊವಾಕಿಂ ಕೊರೆಯಾ ದ ಮೆಲ್ಲೊನಿಂದ ಸಿಲ್ವರ್ ನೈಟ್ರೇಟ್‌ನ ಗುಣವನ್ನು ತಿಳಿದು, 1833ರಲ್ಲಿ ಬೆಳಕಿನಿಂದ ಚಿತ್ರಗಳನ್ನು ಪಡೆದನು. ಅಮೋನಿಯಾದಿಂದ, ಅದು ಸಿಗದಾಗ ಮೂತ್ರದಿಂದ, ಅವುಗಳನ್ನು ನಿಲ್ಲಿಸಲು ಯತ್ನಿಸಿದನು. ಷೀಲೆಯ ಬರಹದಲ್ಲಿದ್ದೂ ಲಂಡನ್ನಿನ ಡೇವಿ ಬಳಸದೆ ಬಿಟ್ಟ ಅಮೋನಿಯಾ, ಪ್ರಯೋಗಾಲಯವೇ ಇಲ್ಲದ ಊರಿನ ಫ್ಲಾರೆನ್ಸ್‌ನ ಕೈಗೆ ಬಂದಿತ್ತು. ಔಷಧದ ಸೀಸೆಗಳಿಗೆ ಅಂಟಿಸುವ ಚೀಟಿಗಳನ್ನು ಅವನು ಬೆಳಕಿನಿಂದಲೇ ಪ್ರತಿ ತೆಗೆದದ್ದು ಇಂದಿಗೂ ಉಳಿದಿದೆ. 1970ರ ದಶಕದಲ್ಲಿ ಬ್ರೆಜಿಲ್‌ನ ಸಂಶೋಧಕ ಬೋರಿಸ್ ಕೊಸ್ಸೊಯ್ ಅವನ ದಿನಚರಿಗಳನ್ನು ಅಧ್ಯಯನ ಮಾಡಿ, ಅಲ್ಲಿನ ವಿಧಾನಗಳನ್ನು ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪರೀಕ್ಷೆಗೊಳಪಡಿಸಿ, ಅವು ಫಲ ಕೊಡುತ್ತವೆಂದು ತೋರಿಸುವವರೆಗೆ ಹೊರಜಗತ್ತಿಗೆ ಫ್ಲಾರೆನ್ಸ್ ಅಪರಿಚಿತನಾಗಿಯೇ ಉಳಿದಿದ್ದನು.

ಬೇರೆ ಬೇರೆ ಕಡೆಗಳಲ್ಲಿದ್ದ ಇಷ್ಟು ಜನರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಂದೇ ಗುರಿಯನ್ನು ಮುಟ್ಟಿದ್ದು ಆಕಸ್ಮಿಕವಲ್ಲ. ಅಯೊಡಿನ್ ಪತ್ತೆಯಾದದ್ದು 1811ರಲ್ಲಿ, ಹೈಪೋದ ಗುಣ ತಿಳಿದದ್ದು 1819ರಲ್ಲಿ. ಇವೆರಡೂ ಇಲ್ಲದೆ ಡಗೇರ್‌ನ ತಗಡಾಗಲಿ ಹರ್ಷೆಲ್‌ನ ಸ್ಥಿರೀಕರಣವಾಗಲಿ ಸಾಧ್ಯವಿರಲಿಲ್ಲ. 18ನೆಯ ಶತಮಾನದ ಕೊನೆಗೆ ಬಂದ ಕಲ್ಲಚ್ಚು ಚಿತ್ರಗಳ ಪ್ರತಿಗಳಿಗೆ ಹಸಿವನ್ನು ಹೆಚ್ಚಿಸಿತ್ತು, ನಿಯೆಪ್ಸ್ ಹೊರಟದ್ದೇ ಕಲ್ಲಚ್ಚಿನ ಪ್ರಯೋಗಗಳಿಂದ. ಹೀಗೆ ವಸ್ತುಗಳೂ ಬೇಡಿಕೆಯೂ ಸಿದ್ಧವಾಗಿದ್ದ ಕಾಲದಲ್ಲಿ ಆವಿಷ್ಕಾರ ಹಲವು ಕಡೆ ಮೊಳೆಯುವುದು ಸಹಜ. ಆದರೆ ಮನ್ನಣೆ ಹಂಚಿಕೆಯಾದದ್ದು ಅಕಾಡೆಮಿಗಳ ಹತ್ತಿರ ಯಾರಿದ್ದರು, ಯಾರ ಪರವಾಗಿ ಯಾರು ಮಾತನಾಡಿದರು ಎಂಬುದರ ಮೇಲೆ.

ಯಾವ ವಿಧಾನ ಮುಂದೆ ಬೆಳೆಯಿತೆಂಬುದು ಇನ್ನೊಂದು ಪ್ರಶ್ನೆ. ಡಗೇರ್‌ನ ತಗಡು ಸೂಕ್ಷ್ಮ ವಿವರಗಳಲ್ಲಿ ಅಪ್ರತಿಮವಾಗಿದ್ದರೂ ಪ್ರತಿಯೊಂದು ಚಿತ್ರವೂ ಒಂಟಿ. ಟಾಲ್ಬಟ್‌ನ ಕಾಗದ ಒರಟಾಗಿದ್ದರೂ ಪ್ರತಿಗಳಿಗೆ ಮಿತಿಯಿರಲಿಲ್ಲ. ಕಾಗದದ ಈ ನೆಗೆಟಿವ್ ಹದಿನೈದೇ ವರ್ಷಗಳಲ್ಲಿ ಕರ್ನಾಟಕಕ್ಕೂ ಬಂದಿತು. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಮತ್ತು ವೈದ್ಯ ಆ್ಯಂಡ್ರ್ಯೂ ನೀಲ್ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನೂ, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನೂ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದರು. ಬಿದ್ದುಹೋದ, ಬದಲಾದ, ದುರಸ್ತಿಯಾದ ಕಟ್ಟಡಭಾಗಗಳು ಮೊದಲು ಹೇಗಿದ್ದವೆಂದು ತಿಳಿಯಲು ಗ್ರೀನ್‌ಲಾನ ಚಿತ್ರಗಳನ್ನು ಇಂದಿನ ಹಂಪಿಯ ಅಧ್ಯಯನಕಾರರು ಆಧಾರವಾಗಿ ಬಳಸುತ್ತಾರೆ. ಲೇಕಾಕ್‌ನ ಜಾಲರಿ ಕಿಟಕಿಯಿಂದ ಆರಂಭವಾದ ವಿಧಾನ ಕನ್ನಡನಾಡಿನ ಚರಿತ್ರೆಗೆ ಮಾಡಿದ ಉಪಕಾರ ಇದು.

ಆದಿಪುರುಷನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪೇಟೆಂಟ್ ಇಲ್ಲದೆ ಪ್ರಕಟಿಸಿದ ಕೊಲೋಡಿಯನ್ ಎಂಬ ಹೊಸ ಛಾಯಾಗ್ರಹಣ ವಿಧಾನವೂ ತನ್ನ ಪೇಟೆಂಟ್‌ನ ವ್ಯಾಪ್ತಿಗೇ ಸೇರುತ್ತದೆಂದು ಟಾಲ್ಬಟ್ ವಾದಿಸಿ ಲಾರೋಷ್ ಎಂಬ ಛಾಯಾಗ್ರಾಹಕನ ಮೇಲೆ ಹೂಡಿದ ಮೊಕದ್ದಮೆಯಲ್ಲಿ, 1854ರ ಡಿಸೆಂಬರ್‌ನಲ್ಲಿ ತೀರ್ಪು ಬಂದಿತು: ಕ್ಯಾಲೋಟೈಪ್‌ನ ಆವಿಷ್ಕಾರಕ ಟಾಲ್ಬಟ್ ಹೌದು, ಆದರೆ ಕೊಲೋಡಿಯನ್ ಬಳಸಿದವನು ಅವನ ಹಕ್ಕನ್ನು ಉಲ್ಲಂಘಿಸಿಲ್ಲ. ಒಂದು ಹಂತದ ಮೊದಲಿಗನಿಗೆ ಇಡೀ ಕಲೆಯ ಒಡೆತನ ಸಲ್ಲುವುದಿಲ್ಲವೆಂಬ ವಿವೇಕ ಈ ತೀರ್ಪಿನಲ್ಲಿದೆ.

ಚರಿತ್ರೆಯ ಬರವಣಿಗೆಗೂ ಅದೇ ವಿವೇಕ ಬೇಕು. ನಿಯೆಪ್ಸ್ ಕ್ಯೂನಲ್ಲಿ ಬಿಟ್ಟುಬಂದ ಫಲಕವನ್ನು ಇತಿಹಾಸಕಾರ ಹೆಲ್ಮುಟ್ ಗೆರ್ನ್‌ಶೀಮ್ 1952ರಲ್ಲಿ ಮತ್ತೆ ಪತ್ತೆಹಚ್ಚಿದನು. ಅದು ಈಗ ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಕೇಂದ್ರದಲ್ಲಿದೆ. ಆ ಫಲಕ ಸಿಗದಿದ್ದರೆ ನಿಯೆಪ್ಸ್‌ನ ಸ್ಥಾನ, ಕೊಸ್ಸೊಯ್ ದಿನಚರಿಗಳನ್ನು ಓದದಿದ್ದರೆ ಫ್ಲಾರೆನ್ಸ್‌ನ ಸ್ಥಾನ ಇಂದಿಗೂ ಬೇರೆಯಾಗಿಯೇ ಇರುತ್ತಿತ್ತು. ಕ್ಯಾಮೆರಾದ ಚಿತ್ರವನ್ನು ಮೊದಲು ಉಳಿಸಿದವನು ನಿಯೆಪ್ಸ್, ಗುಪ್ತಬಿಂಬವನ್ನು ಬಳಕೆಗೆ ತಂದವನು ಡಗೇರ್, ಪ್ರತಿಗಳ ದಾರಿ ತೆರೆದವನು ಟಾಲ್ಬಟ್, ಚಿತ್ರಕ್ಕೆ ಬಾಳಿಕೆ ಕೊಟ್ಟವನು ಹರ್ಷೆಲ್, ತಮ್ಮದೇ ದಾರಿಯಲ್ಲಿ ಗುರಿ ಮುಟ್ಟಿಯೂ ಬೆಂಬಲ ಸಿಗದೆ ಹಿಂದುಳಿದವರು ಬಯಾರ್ ಮತ್ತು ಫ್ಲಾರೆನ್ಸ್ ಎಂದು ಬಿಡಿಸಿ ಹೇಳುವುದು ಒಬ್ಬನ ಹೆಸರನ್ನು ಹೇಳುವುದಕ್ಕಿಂತ ಉದ್ದವಾದೀತು. ಆದರೆ ಪಠ್ಯಪುಸ್ತಕಗಳಲ್ಲೂ ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೋತ್ತರಗಳಲ್ಲೂ ಇರಬೇಕಾದದ್ದು ಆ ಉದ್ದದ ಉತ್ತರವೇ. ಒಂದೇ ಹೆಸರನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಆವಿಷ್ಕಾರವೆಂದರೆ ಒಬ್ಬ ಪ್ರತಿಭಾವಂತನಿಗೆ ಒಂದು ದಿನ ಹೊಳೆದದ್ದು ಎಂದು ನಂಬುತ್ತಾನೆ. ಆರು ಹೆಸರುಗಳನ್ನು ಅವರವರ ಕೆಲಸದೊಂದಿಗೆ ತಿಳಿದ ವಿದ್ಯಾರ್ಥಿ, ವಿಜ್ಞಾನ ನಿಜಕ್ಕೂ ಹೇಗೆ ಮುಂದುವರಿಯುತ್ತದೆ ಎಂಬುದನ್ನು ಕಲಿಯುತ್ತಾನೆ.